ಬಾಯಿಪಾಠದ ನಾಲ್ಕು ಸಾಲು

ಸಹಕಾರನಗರದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸುಬ್ರಹ್ಮಣ್ಯ ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ಅಂಧರ ಕ್ರಿಕೆಟ್ ಸಂಸ್ಥೆಯದು: ದಾಕ್ಷಾಯಣಿಗೆ ಗೋಡೆಯ ಮೇಲಿನ ಅಕ್ಷರ ಕಾಣುವುದಿಲ್ಲ, ಭಾರತ ತಂಡದಲ್ಲಿ ಆಡಲು ಅರ್ಹಳು. ಇನ್ನೊಂದು ಅವಳು ದುಡಿಯುವ ಯಲಹಂಕದ ಗಾರ್ಮೆಂಟ್ಸಿನದು: ಇದೇ ದಾಕ್ಷಾಯಣಿ ಕಣ್ಣು ಪರೀಕ್ಷೆಯ ಅಕ್ಷರಪಟ್ಟಿಯ ನಾಲ್ಕು ಸಾಲು ಓದಿದ್ದಾಳೆ, ಕೆಲಸಕ್ಕೆ ಯೋಗ್ಯಳು.

ಆ ಎರಡನೆಯದರ ಫೋಟೊ ತೆಗೆದು ಯಾರೋ ಕ್ರಿಕೆಟ್ ಸಂಸ್ಥೆಗೆ ದೂರು ಕೊಟ್ಟಿದ್ದರು. ಇನ್ನು ಹತ್ತು ದಿನಕ್ಕೆ ತಂಡ ಕೊಲಂಬೊಗೆ ಹೊರಡುವುದಿತ್ತು.

"ಯಾವುದಮ್ಮ ನಿಜ?"

"ಕಾಣಲ್ಲ ಸಾರ್ ಅವಳ್ಗೆ. ಫ್ಯಾಕ್ಟ್ರಿಯೋರು ಏನೋ ತಪ್ಪು ಬರ್ಕೊಂಡವ್ರೆ." ತಂಡದ ಮ್ಯಾನೇಜರ್ ರಾಮಕೃಷ್ಣಪ್ಪ ಬಾಯಿ ಹಾಕಿದರು.

"ಕಾಣದ ಹಾಗೆ ನಟಿಸಬಹುದು ಕಣ್ರೀ. ಕಾಣದೆ ಓದೋಕಾಗುತ್ತಾ?"

ದಾಕ್ಷಾಯಣಿಯ ಪಕ್ಕದಲ್ಲಿ ಗೆಳತಿ ಫರೀದಾ ಅವಳ ಕೈ ಹಿಡಿದು ಕೂತಿದ್ದಳು. ಕಾರ್ಖಾನೆಯಲ್ಲಿ ಇಬ್ಬರದೂ ಒಂದೇ ಮೇಜು. ಹೊಲಿದು ಬಂದ ಅಂಗಿಗಳ ಗುಂಡಿ ಎಳೆದು ನೋಡಬೇಕು, ಸಡಿಲವಾದದ್ದನ್ನು ಪಕ್ಕಕ್ಕೆ ಹಾಕಬೇಕು. ದಾಕ್ಷಾಯಣಿಯ ಬೆರಳುಗಳಿಗೆ ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಹೊಸದಾಗಿ ಬಂದ ಮೇಲಧಿಕಾರಿಗೆ ಬೇಕಿತ್ತು. ನಾಲ್ಕು ಸಾಲು ಓದದವರು ಸೋಮವಾರದಿಂದ ಬರಬೇಡಿ ಎಂದ. ಊಟದ ಹೊತ್ತಿನಲ್ಲಿ ಫರೀದಾ ಪಟ್ಟಿಯನ್ನು ಬಾಯಿಪಾಠ ಮಾಡಿಸಿದಳು. "ಪಟಪಟ ಹೇಳ್ಬೇಡ್ವೇ, ಸ್ವಲ್ಪ ತಡವರಿಸು. ಅಷ್ಟು ಚೆನ್ನಾಗಿ ನಂಗೇ ಕಾಣಲ್ಲ."

ಬಾಗಲಕೋಟೆ ಕಡೆಯ ದಾಕ್ಷಾಯಣಿಯ ಹಣೆಬರಹವೇ ಸರಿಯಿಲ್ಲ ಎಂದು ತಂಡದವರು ಹೇಳುತ್ತಿದ್ದರು. ಆ ಬರಹ ಯಾರ ಕೈಯದೆಂದು ಯಾರೂ ಕೇಳಲಿಲ್ಲ. ಕಠ್ಮಂಡುವಿನಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಐವತ್ತೆಂಟು ಹೊಡೆದಳು. ವಿದ್ಯಾರಣ್ಯಪುರದಲ್ಲಿ ಸನ್ಮಾನವಾಯಿತು. ಹಾರ ಹಾಕಿದ ಮುಖಂಡರು ಫೋಟೊಗಾಗಿ "ಇನ್ನೂ ಸ್ವಲ್ಪ ಹಿಂದೆ ಹೋಗಮ್ಮ, ಇನ್ನೂ ಸ್ವಲ್ಪ" ಎಂದರು. ವೇದಿಕೆ ಮುಗಿಯಿತೆಂದು ಯಾರೂ ಹೇಳಲಿಲ್ಲ. ಕಾಲು ಮುರಿದು ಒಂದು ವರ್ಷ ಹೋಯಿತು. ಮರುವರ್ಷ ಆಯ್ಕೆ ಪಂದ್ಯಗಳನ್ನು ಜಕ್ಕೂರಿನಲ್ಲಿ, ವಿಮಾನಗಳು ಏರಿಳಿಯುವ ಜಾಗದ ಪಕ್ಕದಲ್ಲೇ ಇಟ್ಟರು. ಚೆಂಡಿನೊಳಗಿನ ಗುಂಡುಗಳ ಗಲಗಲ ಕೇಳಿಕೊಂಡು ಆಡುವವರಿಗೆ ಎಂಥ ಬಯಲು! ಚೆಂಡು ಬರುವ ಹೊತ್ತಿಗೆ ತರಬೇತಿ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಸೊನ್ನೆ. ಎರಡನೇ ಪಂದ್ಯಕ್ಕೂ ವಿಮಾನ ಬಂತು, ಮತ್ತೆ ಸೊನ್ನೆ. ಮೂರನೇ ವರ್ಷ, ಗುಂಡಿ ಎಳೆದೆಳೆದು ಸವೆದ ಬೆರಳ ಗೆರೆಗಳು ಪಾಸ್‌ಪೋರ್ಟಿನ ಯಂತ್ರಕ್ಕೆ ಹತ್ತದೆ, ದುಬೈ ಪ್ರವಾಸ ತಪ್ಪಿತು.

ಈ ಸಲ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ತಂಡದ ಪಟ್ಟಿಯಲ್ಲಿ ಹೆಸರಿತ್ತು. ಕಾಣುತ್ತದೆ ಎಂದರೆ ಕೊಲಂಬೊ ಇಲ್ಲ, ಮೇಲೆ ಕುರುಡಿಯ ವೇಷ ಹಾಕಿದ ಮೋಸಗಾತಿ ಎಂಬ ಹೆಸರು. ಕಾಣುವುದಿಲ್ಲ ಎಂದರೆ ಕೆಲಸವಿಲ್ಲ. ಆಟ ಬೇಕಾದರೆ ಅನ್ನ ಬಿಡು, ಅನ್ನ ಬೇಕಾದರೆ ಆಟ ಬಿಡು.

ದಾಕ್ಷಾಯಣಿ ಎದ್ದು ಕುರ್ಚಿಯನ್ನು ತಿರುಗಿಸಿಕೊಂಡು, ಗೋಡೆಯ ಪಟ್ಟಿಗೆ ಬೆನ್ನು ಹಾಕಿ ಕೂತಳು. ಕಾರ್ಖಾನೆಯಲ್ಲಿದ್ದದ್ದೂ ಅದೇ ಪಟ್ಟಿ; ಅದರ ನಾಲ್ಕು ಸಾಲನ್ನೂ ಒಂದಕ್ಷರ ತಪ್ಪದೆ ಒಪ್ಪಿಸಿದಳು.

"ಹಿಂಗ ಓದಿದ್ನಿರಿ ಸರ."

"ಅಯ್ಯೋ, ಏನಮ್ಮ ಇಂಗ್ ಮಾಡ್ಬಿಟ್ಟೆ! ಕೆಲ್ಸ ಓಯ್ತದೆ ನಿಂದು," ಎಂದರು ರಾಮಕೃಷ್ಣಪ್ಪ.

ಡಾಕ್ಟರ್ ಕನ್ನಡಕ ತೆಗೆದರು. "ಯಾರು ಹೇಳ್ಕೊಟ್ರು ಇದನ್ನ?"

ಫರೀದಾ ಬಾಯಿ ತೆರೆದಳು. ದಾಕ್ಷಾಯಣಿ ಅವಳ ಕೈ ಹಿಸುಕಿದಳು. "ಯಾರೂ ಇಲ್ರೀ. ಹೊಟ್ಟಿ ಕಲಿಸ್ತು."

ಡಾಕ್ಟರ್ ದೀಪ ಹಿಡಿದು ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. ಬೇರೆ ಪಟ್ಟಿ ತರಿಸಿದರು. ಅವಳಿಗೆ ಅದರ ಮೊದಲ ದೊಡ್ಡ ಅಕ್ಷರವೂ ಹೊಗೆಯ ಹಾಗಿತ್ತು. ಅವರು ಕೂತು ವರದಿ ಬರೆದರು.

"ಆಡಬಹುದು ನೀನು. ಆದರೆ ದೂರು ಬಂದಿದ್ದು ಫ್ಯಾಕ್ಟ್ರಿ ಕಾಗದದ ಮೇಲೆ. ಅವರಿಗೂ ಒಂದು ಪ್ರತಿ ಹೋಗುತ್ತೆ ಕಣಮ್ಮ."

"ಹೋಗ್ಲಿ ಬಿಡ್ರಿ. ಅದ್ರಾಗ ಇನ್ನೊಂದು ಮಾತು ಬರೀರಿ. ಮೂರು ವರ್ಷದಾಗ ಈಕಿ ನೋಡಿದ ಅಂಗಿ ಒಂದೂ ವಾಪಸ್ ಬಂದಿಲ್ಲ ಅಂತ."

"ಕಣ್ಣಿನ ವರದೀಲಿ ಅದಕ್ಕೆಲ್ಲ ಜಾಗ ಇರಲ್ಲ."

"ಹಾಳಿ ಹಿಂದಿನ ಮಗ್ಗಲ ಖಾಲಿ ಇರ್ತೈತಲ್ರೀ."

"ಅಲ್ಲಮ್ಮ, ಅದು ನಿಜ ಅಂತ ನಂಗೆ ಹೇಗೆ ಗೊತ್ತು?"

"ನಾನ್ ಹೇಳ್ತೀನಿ ಸಾರ್." ಫರೀದಾ ಕೈ ಬಿಡಿಸಿಕೊಂಡಳು. "ಅದೇ ಟೇಬಲ್ ನಂದೂ. ಬಾಯಿಪಾಠ ಮಾಡ್ಸಿದ್ದೂ ನಾನೇ. ಬರ್ಕೊಳ್ಳಿ, ಫರೀದಾ."

"ಸಾಕೇಳ್ರಮ್ಮ, ಟೀಮ್‌ನಲ್ಲಿ ಉಳ್ಕೊಂಡ್ಳಲ್ಲ," ಎಂದು ರಾಮಕೃಷ್ಣಪ್ಪ ಎದ್ದರು.

"ಸಾಕಾಗಂಗಿಲ್ರೀ," ಎಂದಳು ದಾಕ್ಷಾಯಣಿ.

ನರ್ಸ್ ಬಾಗಿಲಲ್ಲಿ ನಿಂತು ಮುಂದಿನವರ ಹೆಸರು ಕೂಗಿದಳು. ಇಬ್ಬರೂ ಏಳಲಿಲ್ಲ. ಡಾಕ್ಟರ್ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಮತ್ತೆ ಮುಚ್ಚಳ ತೆಗೆದು ವರದಿಯ ಹಾಳೆಯನ್ನು ಮಗುಚಿದರು.