ಎರಡನೆಯ ಕೋಣೆಯ ಹದಿನೆಂಟು ಇಲಿಗಳು

ಮನೆಯಲ್ಲಿ ಎಲ್ಲರೂ ಅವಳನ್ನು ಗುಂಡಿ ಎನ್ನುತ್ತಿದ್ದರು. ನೆಲದ ಗುಂಡಿಯಲ್ಲ, ಅಂಗಿಯ ಗುಂಡಿ. ಎರಡು ವರ್ಷದ ಮಗುವಾಗಿದ್ದಾಗ ಅಕ್ಕನ ಹೊಲಿಗೆ ಡಬ್ಬಿಗೆ ಕೈಹಾಕಿ ಕೋಟಿನ ಗುಂಡಿಯೊಂದನ್ನು ನುಂಗಿಬಿಟ್ಟಿದ್ದಳು. ಅದು ಹೊರಬರುವವರೆಗೆ ಎರಡು ದಿನ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕಾದಿದ್ದರು. ಈಗ ಅವಳಿಗೆ ಇಪ್ಪತ್ತೊಂಬತ್ತು. ಸಕ್ಕರೆ ಕಾಯಿಲೆ ಇದ್ದವರ ಗಾಯ ಯಾಕೆ ಬೇಗ ಮಾಯುವುದಿಲ್ಲ, ಯಾವ ಮುಲಾಮು ಹಚ್ಚಿದರೆ ಮಾಯಬಹುದು ಎಂಬುದರ ಮೇಲೆ ಐದು ವರ್ಷದಿಂದ ಇಲಿಗಳೊಂದಿಗೆ ಹೆಣಗಾಡಿ, ಪಿಎಚ್.ಡಿ. ಪ್ರಬಂಧವನ್ನು ಕೊನೆಯ ಹಂತಕ್ಕೆ ತಂದಿದ್ದಳು. ಒಪ್ಪಿಸಲು ಇನ್ನು ಇಪ್ಪತ್ಮೂರು ದಿನ.

ಆ ಇಪ್ಪತ್ಮೂರು ದಿನ ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಒಂದು ಪ್ಯಾರಾ ಬರೆದರೆ ಎದ್ದು ನೀರು ಕುಡಿಯಬೇಕು, ಎರಡು ಸಾಲು ತಿದ್ದಿದರೆ ಕಿಟಕಿ ತೆಗೆಯಬೇಕು, ಮತ್ತೆ ಮುಚ್ಚಬೇಕು. ಅಡಿಟಿಪ್ಪಣಿಗಳ ಅಲ್ಪವಿರಾಮಗಳನ್ನು ಅಕ್ಕಿಯ ಕಲ್ಲು ಆರಿಸಿದ ಹಾಗೆ ಆರಿಸುತ್ತಿದ್ದಳು. ಅಕ್ಕನ ಮನೆಯಲ್ಲೇ ಅವಳ ವಾಸ. ಮುಂದಿನ ಕೋಣೆ ಅಕ್ಕನ ಹೊಲಿಗೆ ಅಂಗಡಿ. ಕಟಿಂಗ್ ಮೇಜಿನ ಒಂದು ತುದಿಯಲ್ಲಿ ಶಾಲೆಯ ಯೂನಿಫಾರ್ಮ್ ರಾಶಿ, ಇನ್ನೊಂದು ತುದಿಯಲ್ಲಿ ಗುಂಡಿಯ ಲ್ಯಾಪ್‌ಟಾಪ್.

"ನಿನ್ನ ಕಾಲಿಗೆ ಚಕ್ರ ಹಾಕಿದಾರಾ? ಹತ್ತು ನಿಮಿಷ ಒಂದು ಕಡೆ ಕೂರೋಕಾಗಲ್ವಾ?" ಎಂದು ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಗದರಿದಳು. ಅದು ಭಾನುವಾರದ ಮಧ್ಯಾಹ್ನ. ಭಾವ ಒಳಗೆ ನಿದ್ದೆ ಹೊಡೆಯುತ್ತಿದ್ದ.

"ಬಂದು ಈ ಫೋಟೋ ನೋಡು ಅಕ್ಕ. ಪ್ರಿಂಟ್ ಹಾಕಿದ್ರೆ ಮಸುಕಾಗುತ್ತಾ ಅಂತ ಹೇಳು ಸಾಕು."

ಪರದೆಯ ಮೇಲೆ ಎರಡು ಫೋಟೋ ಅಕ್ಕಪಕ್ಕ ಇದ್ದವು. ಎರಡರಲ್ಲೂ ತೂತುಗಳಿದ್ದ ನೀಲಿ ತಟ್ಟೆಯ ಮೇಲೆ ಮಂಪರಿನಲ್ಲಿದ್ದ ಇಲಿಯ ಬೋಳಿಸಿದ ಬೆನ್ನು, ಅದರ ಮೇಲೆ ದುಂಡನೆಯ ಗಾಯ, ಗಾಯದ ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳಿದ್ದ ಕಾಗದದ ಪಟ್ಟಿ. ಎಡಗಡೆಯದು ಇಲಿ ಸಾಕುವ ಒಂದನೆಯ ಕೋಣೆಯದು, ಅದಕ್ಕೆ ಮದ್ದಿಲ್ಲದ ಬರೀ ಮುಲಾಮು ಹಚ್ಚಿದ್ದರು. ಬಲಗಡೆಯದು ಎರಡನೆಯ ಕೋಣೆಯದು, ಅದಕ್ಕೆ ಹಚ್ಚಿದ ಮುಲಾಮಿನಲ್ಲಿ ಮದ್ದಿತ್ತು. ಹದಿನಾಲ್ಕನೆಯ ದಿನ ತೆಗೆದ ಚಿತ್ರಗಳು. ಮದ್ದು ಹಚ್ಚಿದ ಗಾಯಗಳು ಹಚ್ಚದವುಗಳಿಗಿಂತ ನೂರಕ್ಕೆ ಹದಿನಾರರಷ್ಟು ಚಿಕ್ಕವಾಗಿವೆ ಎಂಬುದೇ ಇಡೀ ಪ್ರಬಂಧದ ಬೆನ್ನೆಲುಬು.

ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಇಲಿಯನ್ನು ನೋಡಲಿಲ್ಲ. ಇಪ್ಪತ್ತು ವರ್ಷ ಅಳತೆ ತೆಗೆದ ಕಣ್ಣು ನೇರ ಪಟ್ಟಿಯ ಮೇಲೆ ಹೋಗಿ ಕೂತಿತು.

"ಈ ಟೇಪು ಆ ಟೇಪು ಒಂದೇ ಅಲ್ಲ ಕಣೆ."

"ಎರಡೂ ಒಂದೇ. ಒಂದೇ ಥರ ಪ್ರಿಂಟ್ ಮಾಡಿದ್ದು."

"ಕೆಳಗಿರೋ ನೀಲಿ ತಟ್ಟೆ ಒಂದೇ ತಾನೆ? ಅದರ ತೂತು ನೋಡು. ಇಲ್ಲಿ ಎರಡು ತೂತಿನ ಮಧ್ಯೆ ಹತ್ತು ಗೆರೆ ಇದೆ. ಇಲ್ಲಿ ಒಂಬತ್ತೂವರೆ. ಇದು ಹಿಗ್ಗಿರೋ ಟೇಪು. ನನ್ನ ಹತ್ರಾನೂ ಇಂಥದ್ದೊಂದಿತ್ತು, ಗಿರಾಕಿಗಳ ಸೊಂಟ ಎಲ್ಲ ಸಣ್ಣ ತೋರಿಸ್ತಿತ್ತು. ಅವರಿಗೆ ಖುಷಿಯೋ ಖುಷಿ, ಪ್ಯಾಂಟ್ ಹಾಕ್ಕೊಳ್ಳೋವರೆಗೆ."

ಅಕ್ಕ ನಕ್ಕಳು. ಗುಂಡಿ ನಗಲಿಲ್ಲ. ತೂತುಗಳ ಮಧ್ಯದ ಗೆರೆಗಳನ್ನು ಬೆರಳಿಟ್ಟು ಎಣಿಸಿದಳು. ಇನ್ನೊಂದು ಇಲಿಯ ಚಿತ್ರ ತೆರೆದಳು, ಮತ್ತೊಂದು ತೆರೆದಳು. ಎರಡನೆಯ ಕೋಣೆಯದಾದರೆ ಒಂಬತ್ತೂವರೆ, ಒಂದನೆಯದಾದರೆ ಹತ್ತು. ಏಳನೆಯ ದಿನದಿಂದ ಮುಂದಕ್ಕೆ ಎಲ್ಲವೂ ಹಾಗೇ. ಪಟ್ಟಿ ಹಿಗ್ಗಿದ್ದರೆ ಗಾಯ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಉದ್ದದಲ್ಲಿ ಅರ್ಧ ಗೆರೆಯ ವ್ಯತ್ಯಾಸವಾದರೂ ಗಾಯದ ವಿಸ್ತೀರ್ಣದಲ್ಲಿ ನೂರಕ್ಕೆ ಹತ್ತರ ಹತ್ತಿರ ಬರುತ್ತದೆ. ಹದಿನಾರರಲ್ಲಿ ಉಳಿಯುವುದೆಷ್ಟು?

"ಯಾಕೆ, ಮುಖ ಹಂಗಾಯ್ತು? ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ," ಎಂದು ಗುಂಡಿ ಲ್ಯಾಪ್‌ಟಾಪ್ ಮುಚ್ಚಿದಳು. ಚಪ್ಪಲಿ ಮೆಟ್ಟಿ ಹೊರಗೆ ಹೋದವಳು ಅದೇ ಬೀದಿಯನ್ನು ನಾಲ್ಕು ಸಲ ಸುತ್ತಿ ಬಂದಳು.

ಮರುದಿನ ಲ್ಯಾಬಿಗೆ ಹೋಗುವ ಬದಲು ಸೀದಾ ಇಲಿಗಳನ್ನು ಸಾಕುವ ಅನಿಮಲ್ ಹೌಸಿಗೆ ಹೋದಳು. ಅಲ್ಲಿನ ಪಂಜರಗಳನ್ನು ನೋಡಿಕೊಳ್ಳುತ್ತಿದ್ದ ಮುದುಕರನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ಯಾವ ಪಂಜರದ ನೀರು ಎಷ್ಟು ಗಂಟೆಗೆ ಬದಲಾಯಿತು, ಯಾರು ಬಂದರು, ಯಾರು ಬಾಗಿಲು ಹಾಕದೆ ಹೋದರು, ಎಲ್ಲವೂ ಅವರ ರಿಜಿಸ್ಟರಿನಲ್ಲಿ ದುಂಡಗಿನ ಅಕ್ಷರದಲ್ಲಿ ಇರುತ್ತಿತ್ತು.

"ಮಾಮ, ಹೋದ ವರ್ಷ ನನ್ನ ಎರಡನೇ ಕೋಣೇಲಿ ಏನಾದ್ರೂ ಆಗಿತ್ತಾ? ಪ್ರಯೋಗದ ಮೊದಲನೇ ವಾರ."

ಮಾಮ ಹಾಳೆ ತಿರುವಿದರು. "ಆಗಿತ್ತಲ್ಲಮ್ಮ. ಆರನೇ ದಿನ ನಲ್ಲಿ ಸೋರಿ ಡ್ರಾಯರ್ ಒದ್ದೆ ಆಯ್ತು. ನಿಮ್ಮ ಸ್ಕೇಲ್ ಕಾಗದದ ಕಟ್ಟು ಪೂರಾ ಮುದ್ದೆ. ಮಾರನೇ ದಿನ ನೀವೇ ಹೊಸದು ತಂದಿಟ್ರಿ. ಇಲ್ಲೇ ಬರ್ದಿದೀನಿ ನೋಡಿ."

ಆಗ ಅವಳಿಗೆ ಎಲ್ಲ ನೆನಪಾಯಿತು. ಒಂದನೆಯ ಕೋಣೆಯಲ್ಲಿದ್ದ ಪಟ್ಟಿಗಳು ಆ ಕೋಣೆಗಷ್ಟೇ ಸಾಕಾಗುತ್ತಿದ್ದವು. ಅವಸರದಲ್ಲಿ ಒಂದನ್ನು ಸ್ಕ್ಯಾನ್ ಮಾಡಿ ಹೊಸ ಕಟ್ಟು ಮುದ್ರಿಸಿದ್ದಳು. ಚಿತ್ರವನ್ನು ಕಾಗದದ ಅಳತೆಗೆ ಹೊಂದಿಸಬೇಕೇ ಎಂದು ಪ್ರಿಂಟರ್ ಕೇಳಿದ್ದಕ್ಕೆ ಹೂಂ ಎಂದು ಒತ್ತಿದ್ದಳು. ಆಮೇಲೆ ಒಂದು ಪಟ್ಟಿಯನ್ನೂ ಅಳೆದು ನೋಡಿರಲಿಲ್ಲ. ಯಾರ ಮೇಲಾದರೂ ತಪ್ಪು ಹೊರಿಸೋಣವೆಂದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಮಾಮ ಅವಳ ಮುಖ ನೋಡಿದರು. "ಏನಮ್ಮ, ಕಷ್ಟ ಬಂತಾ?"

"ಬಂತು ಮಾಮ."

"ಇಲಿಗಳಿಗೆ ಏನೂ ಆಗಿಲ್ವಲ್ಲ?" ಎಂದು ಕೇಳಿ, ಆ ಇಲಿಗಳು ಈಗಿಲ್ಲ ಎಂಬುದು ನೆನಪಾಗಿ ಅವರೇ ನಾಲಿಗೆ ಕಚ್ಚಿಕೊಂಡರು.

ಮೂರು ದಿನ ಅವಳು ಯಾರಿಗೂ ಹೇಳಲಿಲ್ಲ. ಗೈಡ್ ಮೇಡಂ ಕೋಣೆಯ ಬಾಗಿಲವರೆಗೆ ಹೋಗಿ, ಒಳಗೆ ಫೋನಿನ ಮಾತು ಕೇಳಿಸಿದರೆ ಅದನ್ನೇ ನೆಪ ಮಾಡಿಕೊಂಡು ವಾಪಸಾಗುತ್ತಿದ್ದಳು. ಕ್ಯಾಂಟೀನಿನಲ್ಲಿ ಚಹಾ ತೆಗೆದುಕೊಂಡು ಕುಡಿಯುವುದನ್ನೇ ಮರೆಯುತ್ತಿದ್ದಳು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಪರೀಕ್ಷಕರು ಗ್ರಾಫ್ ನೋಡುತ್ತಾರೆ, ತಟ್ಟೆಯ ತೂತು ಎಣಿಸುವುದಿಲ್ಲ. ಈ ಯೋಚನೆ ಬಸ್ಸಿನಲ್ಲಿ ಬರುತ್ತಿತ್ತು, ಮೆಟ್ಟಿಲ ಮೇಲೆ ಬರುತ್ತಿತ್ತು, ಹಲ್ಲುಜ್ಜುವಾಗಲೂ ಬರುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು. ಗಾಯ ಮಾಯದೆ ಪಾದ ಕಳೆದುಕೊಂಡವರು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಸಾಲಾಗಿ ಮಲಗಿರುತ್ತಿದ್ದರು. ಮೊದಲ ವರ್ಷ ಅವಳು ಅವರಿಂದ ಗಾಯದ ಮಾದರಿ ತರಲು ಹೋಗುತ್ತಿದ್ದಳು. ಈ ಮುಲಾಮನ್ನು ನಾಳೆ ಯಾರೋ ನಂಬಿ ಅವರಿಗೆ ಹಚ್ಚಿದರೆ?

ಗುರುವಾರ ಬೆಳಿಗ್ಗೆ ಅಕ್ಕ ಕಾಲರಿಗೆ ಇಸ್ತ್ರಿ ಹಾಕುತ್ತಾ ಕೇಳಿದಳು, "ಆ ಟೇಪಿನ ವಿಷಯ ನಿಮ್ಮ ಮೇಡಂಗೆ ಹೇಳಿದ್ಯಾ?"

ಗುಂಡಿ ಚೀಲದ ಜಿಪ್ ಹಾಕಿ ಮತ್ತೆ ತೆಗೆದಳು.

"ನಾನು ಏನೂ ಓದಿದವಳಲ್ಲ. ಒಂದು ಸಲ ಅರವತ್ತು ಕೋಟು ತಪ್ಪು ಅಳತೆಗೆ ಕತ್ತರಿಸಿಬಿಟ್ಟಿದ್ದೆ. ನಿಂಗೆ ನೆನಪಿಲ್ಲ, ಆಗ ಸಣ್ಣವಳು. ಶಾಲೆಯವರಿಗೆ ಹೇಳೋಕೆ ಹೋದಾಗ ಒಳಗೆ ಹೋಗೋಕಾಗದೆ ಗೇಟ್ ಹತ್ರಾನೇ ಕೂತಿದ್ದೆ."

"ಏನಂದ್ರು?"

"ಬೈದ್ರು. ಚೆನ್ನಾಗೇ ಬೈದ್ರು. ಮುಂದಿನ ವರ್ಷ ಬೇರೆಯವರಿಗೆ ಕೊಟ್ರು," ಎಂದು ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. "ಎಲ್ಲ ಚೆನ್ನಾಗಾಯ್ತು ಅಂತ ಸುಳ್ಳು ಹೇಳಲ್ಲ. ಆದ್ರೆ ಆವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ನೀನು ಭಾನುವಾರದಿಂದ ತಟ್ಟೇಲಿ ಅನ್ನ ಕೆದಕ್ತಾ ಕೂತಿದೀಯ."

ಅವತ್ತು ಗುಂಡಿ ಬಾಗಿಲು ತಟ್ಟಿದಳು.

ಮೇಡಂ ಲ್ಯಾಬಿನಲ್ಲಿ ಯಾರನ್ನೂ ಹೊಗಳಿದವರಲ್ಲ, ಸುಮ್ಮಸುಮ್ಮನೆ ಬೈದವರೂ ಅಲ್ಲ. ಗುಂಡಿಯ ಮಾತನ್ನು ಕೊನೆಯವರೆಗೆ ಕೇಳಿದರು. ಫೋಟೋಗಳನ್ನು ತಾವೇ ದೊಡ್ಡದು ಮಾಡಿ ಎಣಿಸಿದರು. ಇದೇ ಫಲಿತಾಂಶದ ಲೇಖನವೊಂದು ಎರಡು ತಿಂಗಳಿಂದ ಪತ್ರಿಕೆಯೊಂದರ ಪರಿಶೀಲನೆಯಲ್ಲಿತ್ತು. ಅದರಲ್ಲಿ ಇಬ್ಬರ ಹೆಸರೂ ಇತ್ತು.

"ಎಷ್ಟು ದಿನದಿಂದ ಗೊತ್ತು?"

"ಭಾನುವಾರದಿಂದ, ಮೇಡಂ."

"ಇವತ್ತು ಗುರುವಾರ."

"ಹೌದು, ಮೇಡಂ. ಧೈರ್ಯ ಬರಲಿಲ್ಲ."

ಮೇಡಂ ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿದರು. "ಮದ್ದಿನ ಇಲಿಗಳನ್ನೇ ಬೇರೆ ಕೋಣೇಲಿಡು ಅಂದಿದ್ದು ನಾನು. ಬೆರೆಸಿ ಇಟ್ಟಿದ್ರೆ ಈ ತಪ್ಪು ಎರಡೂ ಕಡೆ ಸಮಾನವಾಗಿ ಬೀಳ್ತಿತ್ತು. ನಂಗೆ ಆಗಲೇ ಹೊಳೀಬೇಕಿತ್ತು," ಎಂದರು. ಆಮೇಲೆ, "ಒಂದು ಗಂಟೆ ನನ್ನ ಪಾಡಿಗೆ ನನ್ನನ್ನ ಬಿಡು."

ಆ ಒಂದು ಗಂಟೆ ಗುಂಡಿ ಕಾರಿಡಾರಿನಲ್ಲಿ ಕಳೆದಳು. ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಗಳನ್ನು ಬಾಯಿಪಾಠ ಆಗುವಷ್ಟು ಸಲ ಓದಿದಳು. ಮೇಡಂ ಕರೆದಾಗ ಮೇಜಿನ ಮೇಲೆ ಒಂದು ಕಾಗದವಿತ್ತು. ಲೇಖನ ವಾಪಸು ಪಡೆಯುವ ಪತ್ರವನ್ನು ಅಷ್ಟರಲ್ಲೇ ಬರೆದು ಮುಗಿಸಿದ್ದರು.

"ಮೂವತ್ತಾರು ಇಲಿ, ಒಂದೊಂದಕ್ಕೆ ಆರು ಫೋಟೋ. ಇನ್ನೂರ ಹದಿನಾರನ್ನೂ ಮತ್ತೆ ಅಳೆ. ಪಟ್ಟಿ ಬಿಡು, ತಟ್ಟೆಯ ತೂತನ್ನೇ ಅಳತೆಗೆ ಹಿಡಿ. ಯಾವುದು ಯಾವ ಇಲಿ ಅಂತ ನಿಂಗೆ ಗೊತ್ತಾಗಬಾರದು, ಫೋಟೋಗಳ ಹೆಸರು ನಾನು ಬದಲಾಯಿಸಿ ಕೊಡ್ತೀನಿ. ಒಪ್ಪಿಸೋ ತಾರೀಕು ಮುಂದಕ್ಕೆ ಹಾಕಿ ಅಂತ ನಾನೇ ಕೇಳ್ತೀನಿ."

"ಮೇಡಂ, ಏನೂ ಉಳೀದಿದ್ರೆ?"

"ಏನೂ ಉಳೀಲಿಲ್ಲ ಅಂತ ಬರಿ."

ಅಳೆಯುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಗಾಯದ ಅಂಚನ್ನು ಮೌಸಿನಿಂದ ಸುತ್ತಿ ಸುತ್ತಿ ಬಲಗೈ ಮಣಿಕಟ್ಟು ಊದಿಕೊಂಡಿತು. ಯಾವುದು ಮದ್ದಿನದು ಎಂದು ತಿಳಿಯದೆ ಅಳೆಯುವಾಗ ಮನಸ್ಸು ಪ್ರತಿ ಗಾಯಕ್ಕೂ ಆಸೆ ಪಡುತ್ತಿತ್ತು, ಚಿಕ್ಕದೊಂದು ಕಂಡರೆ ಇದು ನಮ್ಮದೇ ಇರಬೇಕು ಎಂದು. ಹಾಗೆ ಅನ್ನಿಸಿದಾಗಲೆಲ್ಲ ಎದ್ದು ಒಂದು ಸುತ್ತು ನಡೆದು ಬಂದು ಕೂರುತ್ತಿದ್ದಳು. ಕೊನೆಗೆ ಮೇಡಂ ಯಾವ ಫೋಟೋ ಯಾವ ಇಲಿಯದೆಂದು ಬರೆದಿಟ್ಟಿದ್ದ ಹಾಳೆ ಬಿಚ್ಚಿದರು. ಹದಿನಾರಿದ್ದದ್ದು ಏಳಕ್ಕೆ ಇಳಿದಿತ್ತು. ಇಲಿಯಿಂದ ಇಲಿಗೆ ಇರುವ ವ್ಯತ್ಯಾಸವೇ ಅದಕ್ಕಿಂತ ಹೆಚ್ಚಿತ್ತು. ಮದ್ದಿನಿಂದ ಗಾಯ ಬೇಗ ಮಾಯುತ್ತದೆ ಎನ್ನಲು ಆಧಾರವಿಲ್ಲ.

ಗುಂಡಿ ಅತ್ತಳು. ಮೇಡಂ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಅವಳ ಅಳು ಮುಗಿಯುವವರೆಗೆ ಎದುರಿಗೆ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು.

ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಯಿತು. ಶೀರ್ಷಿಕೆಯಲ್ಲಿದ್ದ 'ಗಾಯ ಮಾಯಿಸುವ' ಎಂಬ ಮಾತು ಹೋಯಿತು. ಪಟ್ಟಿ ಹಿಗ್ಗಿದ ಕತೆಯನ್ನು ನಾಲ್ಕು ಪುಟಗಳಲ್ಲಿ, ಚಿತ್ರ ಸಮೇತ, ಮುಚ್ಚುಮರೆಯಿಲ್ಲದೆ ಬರೆದಳು. ಕೃತಜ್ಞತೆಯ ಪುಟದಲ್ಲಿ ಅಕ್ಕನ ಹೆಸರಿನ ಮುಂದೆ 'ದರ್ಜಿ' ಎಂದು ಸೇರಿಸಿದಳು. ಅದನ್ನು ನೋಡಿದ ಭಾವ, "ಟೇಲರ್ ಅಂತ ಹಾಕ್ಬೇಕಿತ್ತು, ಬೋರ್ಡ್ ಮೇಲೆ ಹಂಗೇ ಇರೋದು," ಎಂದು ತಕರಾರು ತೆಗೆದ. ಒಪ್ಪಿಸುವಷ್ಟರಲ್ಲಿ ನಾಲ್ಕು ತಿಂಗಳು ತಡವಾಗಿತ್ತು. ಅವಳ ಜೊತೆ ಸೇರಿದ್ದವರಿಬ್ಬರು ಅಷ್ಟರಲ್ಲಿ ಕೆಲಸ ಸಿಕ್ಕಿ ಹೊರಟುಹೋಗಿದ್ದರು.

ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧದ ತುಂಬ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದರು. ಎರಡು ಗಂಟೆ ಅವಳ ಬೆವರಿಳಿಸಿದರು. ಕೊನೆಗೆ ಕನ್ನಡಕ ತೆಗೆದು, "ಹಾಗಾದ್ರೆ ಐದು ವರ್ಷ ಮಾಡಿ ನೀವು ಹೇಳೋದು ಏನು? ಮದ್ದು ಕೆಲಸ ಮಾಡಲ್ಲ ಅಂತಾನಾ?" ಎಂದು ಕೇಳಿದರು.

"ಹಾಗೂ ಹೇಳಲ್ಲ, ಸರ್. ಇಷ್ಟು ಪ್ರಮಾಣದಲ್ಲಿ, ಹೀಗೆ ಹಚ್ಚಿದರೆ ಕೆಲಸ ಮಾಡಿದ್ದು ನನಗೆ ಕಾಣಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ."

ಪರೀಕ್ಷಕರು ಏನೋ ಬರೆದುಕೊಂಡರು. ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಮತ್ತೆ ಕರೆದಾಗ, ಎರಡು ಕೋಷ್ಟಕ ತಿದ್ದಿ ಕೊಡಬೇಕು, ಉಳಿದಂತೆ ತೇರ್ಗಡೆ ಎಂದರು. ಮಾತಿನಲ್ಲಿ ಹೊಗಳಿಕೆ ಎಳ್ಳಷ್ಟೂ ಇರಲಿಲ್ಲ. ಗುಂಡಿಯ ಕಾಲು ಮಾತ್ರ ಮೇಜಿನ ಕೆಳಗೆ ತನ್ನಷ್ಟಕ್ಕೆ ಕುಣಿಯುತ್ತಿತ್ತು, ಒತ್ತಿ ಹಿಡಿದರೂ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ಮೇಡಂ ಎರಡು ಲೋಟ ಚಹಾ ತಂದು ಒಂದನ್ನು ಅವಳ ಮುಂದಿಟ್ಟರು. ಹೀಗೆ ಅವರು ತಂದದ್ದು ಇದೇ ಮೊದಲು.

"ಇನ್ನೇನು ಮಾಡ್ತೀಯ?"

"ನಿದ್ದೆ ಮಾಡ್ತೀನಿ, ಮೇಡಂ. ಒಂದು ವಾರ."

ಆದರೆ ಮರುದಿನ ಆರೂವರೆಗೇ ಎಚ್ಚರವಾಯಿತು. ಮಗ್ಗುಲು ಬದಲಾಯಿಸಿದಳು, ಮುಸುಕು ಎಳೆದುಕೊಂಡಳು, ಆಗಲಿಲ್ಲ. ಸ್ನಾನ ಮಾಡಿ, ಚೀಲ ಹೆಗಲಿಗೆ ಹಾಕಿ, ಯಾವತ್ತಿನಂತೆ ಬಸ್ ನಿಲ್ದಾಣಕ್ಕೆ ಬಂದು ನಿಂತಳು. ಬಸ್ಸು ಬಂದು ಬಾಗಿಲು ತೆರೆದ ಮೇಲೆಯೇ ಇವತ್ತು ಹೋಗಬೇಕಾದ ಜಾಗ ಯಾವುದೂ ಇಲ್ಲ ಎಂದು ಹೊಳೆದದ್ದು. ಹಿಂದೆ ನಿಂತಿದ್ದ ಹೆಂಗಸು, "ಹತ್ತೀರೋ ಇಲ್ವೋ?" ಎಂದು ಸಿಡುಕಿದಳು. ಗುಂಡಿ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅಲ್ಲೇ ನಿಂತಿದ್ದು, ಎದುರಿನ ಅಂಗಡಿಯಲ್ಲಿ ಬಿಸಿ ಬ್ರೆಡ್ ಕೊಂಡು, ದಾರಿಯುದ್ದಕ್ಕೂ ಒಂದೊಂದೇ ಚೂರು ಮುರಿದು ತಿನ್ನುತ್ತಾ ಮನೆಯ ಕಡೆ ನಡೆದಳು.