ದಿಂಡಿನ ತೂಕ

ಹದಿನಾರು ಎಂಬ ಊರಿನ ಕಾಂತರಾಜುವಿನ ಬಲಗೈಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಂಜನಗೂಡಿನ ಬಾಳೆಕಾಯಿ ಮಂಡಿಯಲ್ಲಿ ಒಂದು ಮಾತಿದೆ. ಆ ಮಾತು ಹುಟ್ಟಿದ್ದೂ ಕಾಂತರಾಜುವಿನ ಬಾಯಿಂದಲೇ ಎನ್ನುವವರಿದ್ದಾರೆ, ಇರಲಿ. ರೈತರ ತೋಟಕ್ಕೆ ಹೋಗಿ, ಗೊನೆಯನ್ನು ಒಮ್ಮೆ ಎತ್ತಿ, ಕಣ್ಣು ಅರ್ಧ ಮುಚ್ಚಿ, "ಹದಿನಾಲ್ಕೂಕಾಲು" ಎಂದು ಕೆಳಗಿಟ್ಟರೆ ಮುಗಿಯಿತು. ಆಮೇಲೆ ತಕ್ಕಡಿ ತರುವುದು ಬರೀ ಶಾಸ್ತ್ರಕ್ಕೆ. ಅದರಲ್ಲಿ ಒಂದೂವರೆ ಕಿಲೋ ದಿಂಡಿನ ಬಾಬ್ತು ಅಂತ ಕಳೆಯುತ್ತಾನೆ. ಮರದ ದಿಂಡು ಪಲ್ಯಕ್ಕಾದರೂ ಆದೀತು, ಗೊನೆಯ ನಡುವಿನ ದಿಂಡನ್ನು ಯಾರೂ ತಿನ್ನುವುದಿಲ್ಲ. ತಿನ್ನದ ವಸ್ತುವಿಗೆ ಕಾಸು ಕೊಡುವವನು ವ್ಯಾಪಾರಿಯಲ್ಲ, ಪೆದ್ದ ಎಂಬುದು ಅವನು ಮೂವತ್ತು ವರ್ಷದಿಂದ ತಪ್ಪದೆ ನಡೆಸಿಕೊಂಡು ಬಂದ ಧರ್ಮ.

ಇಂಥ ಕಾಂತರಾಜು ಒಂದು ಭಾನುವಾರ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲು ಹೊರಟ. ಮಗಳು ಶೃತಿ ನಂಜನಗೂಡಿನ ಕಾಲೇಜಿನಲ್ಲಿ ಬಿಸಿಎ ಎರಡನೇ ವರ್ಷ. ಇಷ್ಟು ದಿನ ಗೆಳತಿ ಮಾನಸಳ ಲ್ಯಾಪ್‌ಟಾಪಿನಲ್ಲಿ ಹಂಚಿಕೊಂಡು ಕೆಲಸ ಮಾಡುತ್ತಿದ್ದಳು. ಈ ಸಲ ಪ್ರಾಜೆಕ್ಟು ಒಬ್ಬೊಬ್ಬರೇ ಮಾಡಬೇಕೆಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ನಂಜನಗೂಡಿನಲ್ಲೇ ಬೇಕಾದಷ್ಟು ಅಂಗಡಿಗಳಿದ್ದವು, ಆದರೆ ಗುರುತಿಲ್ಲದವರ ಹತ್ತಿರ ಕಾಂತರಾಜು ಬೆಂಕಿಪೊಟ್ಟಣವನ್ನೂ ಕೊಳ್ಳುವವನಲ್ಲ. ಟಿ. ನರಸೀಪುರದಲ್ಲಿ ಅವನ ಹೆಂಡತಿಯ ಅಣ್ಣನ ಮಗ ರವಿಚಂದ್ರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಜೇಬಿನಲ್ಲಿ ಐವತ್ತೈದು ಸಾವಿರ ಇಟ್ಟುಕೊಂಡು ಅಪ್ಪ ಮಗಳು ಅಲ್ಲಿಗೆ ಹೋದರು. ಅದರಲ್ಲಿ ನಲವತ್ತು ಲ್ಯಾಪ್‌ಟಾಪಿಗೆ. ಮಿಕ್ಕ ಹದಿನೈದು ಹೊಸ ಮೊಪೆಡ್ಡಿನ ಮುಂಗಡಕ್ಕೆ, ಏಕೆಂದರೆ ಹಳೆಯದು ಈಗ ಕಾಂತರಾಜು ಕೂತರೆ ಹೋಗುತ್ತಿರಲಿಲ್ಲ, ತಳ್ಳಿದರೆ ಹೋಗುತ್ತಿತ್ತು.

ರವಿಚಂದ್ರ ಎರಡು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟ. ಒಂದು ದಪ್ಪಗೆ ಕಪ್ಪಗಿತ್ತು, ಮೂವತ್ತೆಂಟು ಸಾವಿರ. ಇನ್ನೊಂದು ತೆಳ್ಳಗೆ ಬೂದು ಬಣ್ಣದ್ದು, ಐವತ್ತೆರಡು ಸಾವಿರ.

"ಒಳಗೆ ಎರಡೂ ಒಂದೇ ಮಾವ. ಶೃತಿ ಓದೋದಕ್ಕೆ ಎರಡರಲ್ಲೂ ಕೆಲ್ಸ ಆಗುತ್ತೆ" ಎಂದ.

ಕಾಂತರಾಜು ಶರ್ಟಿನ ತೋಳು ಮೇಲಕ್ಕೆ ಸರಿಸಿದ. ಕಪ್ಪನ್ನು ಎತ್ತಿದ, ಕಣ್ಣು ಅರ್ಧ ಮುಚ್ಚಿದ. "ಎರಡು ಕಿಲೋ ನಾನೂರು." ಬೂದು ಬಣ್ಣದ್ದನ್ನು ಎತ್ತಿದ. "ಒಂದು ಮುನ್ನೂರು." ರವಿಚಂದ್ರ ಡಬ್ಬದ ಮೇಲೆ ಬರೆದದ್ದನ್ನು ಓದಿ ನೋಡಿ, ಬಾಯಿ ಬಿಟ್ಟುಕೊಂಡು ನಿಂತ. ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು.

"ಇದೇನು ನ್ಯಾಯ ಅಳಿಯ?" ಎಂದ ಕಾಂತರಾಜು. "ಕೆಲ್ಸ ಒಂದೇ ಅಂತೀಯ. ತೂಕ ಕಮ್ಮಿ ಆದಂಗೆ ಕಾಸು ಜಾಸ್ತಿಯಾ? ಈ ಲೆಕ್ಕದಲ್ಲಿ ಏನೂ ಕೊಡ್ದೆ ಬರೀ ಕೈಲಿ ಕಳ್ಸಿದ್ರೆ ಲಕ್ಷ ಕೇಳ್ತೀಯ ಅನ್ನು."

"ಹಗುರ ಮಾಡೋದೇ ಕಷ್ಟ ಮಾವ, ಅದಕ್ಕೇ ರೇಟು."

ಶೃತಿ ಬೂದು ಬಣ್ಣದ್ದರ ಮೇಲೆ ಕೈಯಿಟ್ಟುಕೊಂಡೇ ಇದ್ದಳು. "ಅಪ್ಪ, ದಿನಾ ಬಸ್ಸಲ್ಲಿ ಹೊತ್ಕೊಂಡು ಹೋಗ್ಬೇಕಲ್ಲ" ಎಂದು ಒಂದು ಸಲ ಅಂದಳು.

"ಎರಡೂವರೆ ಕಿಲೋನೂ ಒಂದು ತೂಕವಾ ಮಗ? ಮೂವತ್ತು ಕಿಲೋ ಗೊನೆ ಒಂದೇ ಕೈಲಿ ಎತ್ತೋನ ಮಗಳು ನೀನು."

ಶೃತಿ ಕೈ ತೆಗೆದಳು. ಕಪ್ಪು ಲ್ಯಾಪ್‌ಟಾಪಿನ ಜೊತೆ ಇಟ್ಟಿಗೆಯಂಥ ಚಾರ್ಜರೂ ಬಂತು, ಎರಡೂ ಸೇರಿ ಮೂರು ಕಿಲೋ. ಕೊಟ್ಟ ಕಾಸಿಗೆ ತೂಕ ಬಂತೆಂದು ಕಾಂತರಾಜುವಿಗೆ ತೃಪ್ತಿಯಾಯಿತು. ಹೊರಡುವಾಗ ರವಿಚಂದ್ರ ಬಿಲ್ಲು ಕೊಡುತ್ತಾ, "ಮಾವ, ಬೇಡ ಅನ್ಸಿದ್ರೆ ಮುಂದಿನ ಭಾನುವಾರದೊಳಗೆ ತನ್ನಿ, ಬದಲಾಯಿಸಿ ಕೊಡ್ತೀನಿ" ಎಂದ. ಅವನು ಮಾತಾಡಿದ್ದು ಮಾವನ ಜೊತೆ, ನೋಡಿದ್ದು ಶೃತಿಯ ಕಡೆ.

ಸೋಮವಾರ, ಮಂಗಳವಾರ, ಬುಧವಾರ ಕಾಂತರಾಜು ಬೆಳಕು ಹರಿಯುವ ಮೊದಲೇ ಮಂಡಿಗೆ ಹೋಗಿದ್ದ. ಗುರುವಾರ ಮಂಡಿಗೆ ರಜೆ. ಹಾಗಾಗಿ ಮಗಳನ್ನು ಬಸ್ಸಿಗೆ ಹತ್ತಿಸಲು ತಾನೇ ಹೊರಟ. ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಬೆಳಗಿನ ಬಸ್ಸಿನಲ್ಲಿ ಒಂಟಿ ಕಾಲು ಊರಲು ಜಾಗ ಸಿಕ್ಕಿದರೆ ಪುಣ್ಯ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಬ್ಯಾಗೋ ಎಸೆದು ಸೀಟು ಹಿಡಿಯುವುದು ಊರಿನ ಪದ್ಧತಿ, ಅದರಲ್ಲಿ ಶೃತಿಯದು ಎತ್ತಿದ ಕೈ. ಬಸ್ಸು ತಿರುವಿನಲ್ಲಿ ಕಂಡದ್ದೇ ತಡ ಕಾಂತರಾಜು ಅವಳ ಬ್ಯಾಗು ಕಿತ್ತುಕೊಂಡು ಕಿಟಕಿಯತ್ತ ಓಡಿದ.

"ಅಪ್ಪ, ಎಸೀಬೇಡ. ಲ್ಯಾಪ್‌ಟಾಪ್ ಐತೆ" ಎಂದು ಶೃತಿ ಓಡಿ ಬಂದು ಬ್ಯಾಗನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಅಷ್ಟರಲ್ಲಿ ಆರು ಟವೆಲ್ಲು, ಒಂದು ಛತ್ರಿ ಒಳಗೆ ಬಿದ್ದಿದ್ದವು. ಸೀಟು ಹೋಯಿತು. ಅವಳು ಬಾಗಿಲಲ್ಲಿ ನುಗ್ಗಿ, ಕಂಬಿ ಹಿಡಿದು ನಿಂತದ್ದು ಕಂಡಿತು, ಬಸ್ಸು ಹೊರಟಿತು.

ಆದರೆ ಕಾಂತರಾಜು ಅದನ್ನೆಲ್ಲ ನೋಡುತ್ತಿರಲಿಲ್ಲ. ಅವನು ತನ್ನ ಬಲಗೈಯನ್ನು ನೋಡುತ್ತಿದ್ದ. ಮಗಳ ಬ್ಯಾಗು ಪುಸ್ತಕ, ನೀರು, ಊಟದ ಡಬ್ಬಿ ಸೇರಿ ಯಾವಾಗಲೂ ನಾಲ್ಕೂಕಾಲು. ಲ್ಯಾಪ್‌ಟಾಪು ಚಾರ್ಜರು ಮೂರು. ಒಟ್ಟು ಏಳೂಕಾಲು ಇರಬೇಕಿತ್ತು. ಕೈ ಹೇಳಿದ್ದು ಆರೂವರೆ. ಮುಕ್ಕಾಲು ಕಿಲೋ ಎಲ್ಲಿ ಹೋಯಿತು?

ಅವನಿಗೆ ಹೊಳೆದದ್ದು ಒಂದೇ. ರವಿಚಂದ್ರ ತೋರಿಸಿದ್ದು ಒಂದು, ಡಬ್ಬಕ್ಕೆ ಹಾಕಿದ್ದು ಇನ್ನೊಂದು. ಸ್ವಂತ ಹೆಂಡತಿಯ ಅಣ್ಣನ ಮಗ ತೂಕದಲ್ಲಿ ಮೋಸ ಮಾಡಿದ್ದಾನೆ, ಅದೂ ಕಾಂತರಾಜುವಿಗೆ. ಈಗಲೇ ನರಸೀಪುರಕ್ಕೆ ಹೋಗಿ ಅಳಿಯನ ಮಾನ ಹರಾಜು ಹಾಕಬೇಕೆಂದು ಬಿಲ್ಲು ತರಲು ಮನೆಗೆ ಬಂದ. ಹೆಂಡತಿ ಪುಟ್ಟತಾಯಮ್ಮ ಹಾಲು ಹಾಕಲು ಡೇರಿಗೆ ಹೋಗಿದ್ದಳು. ಬಿಲ್ಲು ಎಲ್ಲಿದೆ ಎಂದು ಅವ್ವನನ್ನಾದರೂ ಕೇಳೋಣ ಎಂದು ಹಿತ್ತಿಲಿಗೆ ಹೋದ.

ಎಪ್ಪತ್ತಾರು ವರ್ಷದ ಮುದ್ದಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು, ಸ್ಟೀಲ್ ಡಬ್ಬಿಯಿಂದ ನಿಂಬೆಹಣ್ಣಿನ ಚಿತ್ರಾನ್ನ ತಿನ್ನುತ್ತಿದ್ದಳು. ಡಬ್ಬಿ ಶೃತಿಯದು. ಮುಚ್ಚಳದ ಮೇಲೆ ಅವಳ ಹೆಸರೇ ಇತ್ತು.

"ಅವ್ವ, ಇದೇನಿದು?"

ಮುದ್ದಮ್ಮ ಬಾಯಲ್ಲಿದ್ದದ್ದನ್ನು ನುಂಗುವವರೆಗೆ ಅವಸರ ಮಾಡಲಿಲ್ಲ. "ನಾಕ್ ದಿನದಿಂದ ನಂಗೇ ಕೊಟ್ಟೋಯ್ತಾ ಅವಳೆ ಕಣ್ಲಾ. ಬ್ಯಾಗು ಬಲು ಭಾರ ಅಜ್ಜಿ, ಡಬ್ಬಿ ಇಡಿಸಾಕಿಲ್ಲ, ಸಾರು ಗೀರು ಚೆಲ್ಲುದ್ರೆ ಆ ಮಿಸನ್ನು ಕೆಟ್ಟೋಯ್ತದೆ, ನೀನೇ ತಿನ್ಬುಡು, ಅಪ್ಪಂಗೆ ಹೇಳ್ಬೇಡ ಅಂತು ಕೂಸು. ನಾನು ಹೇಳ್ಲಿಲ್ಲ. ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು."

"ಮತ್ತೆ ಅವಳು ಮಧ್ಯಾಹ್ನ ಏನು ತಿಂತಾಳೆ?"

"ಕ್ಯಾಂಟೀನ್ ಐತಂತಲ್ಲ, ಅಲ್ಲಿ ತಿಂತೀನಿ ಅಂತು. ನೀನು ಕಾಸು ಕೊಟ್ಟಿರಾಕಿಲ್ವಾ?"

ಕಾಂತರಾಜು ಕೊಟ್ಟಿರಲಿಲ್ಲ. ಬಸ್ಸು ಪುಕ್ಕಟೆಯಾದ ದಿನದಿಂದ ಮಗಳಿಗೆ ಕೈಖರ್ಚು ಎಂಬುದೊಂದಿದೆ ಎನ್ನುವುದನ್ನೇ ಅವನು ಮರೆತಿದ್ದ. ಅವಳೂ ಕೇಳಿರಲಿಲ್ಲ. ಮೂರು ದಿನದಿಂದ ಮಗು ಮಧ್ಯಾಹ್ನ ಉಪವಾಸ, ಇವತ್ತು ನಾಲ್ಕನೆಯದು. ಅಳಿಯನಿಗಾಗಿ ನಾಲಿಗೆಯ ತುದಿಯಲ್ಲಿ ಜೋಡಿಸಿಟ್ಟಿದ್ದ ಬೈಗುಳಗಳೆಲ್ಲ ಈಗ ಯಾರಿಗೆ ಸೇರಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು.

ಡೇರಿಯಿಂದ ಬಂದ ಪುಟ್ಟತಾಯಮ್ಮನಿಗೆ ಹೇಳಿ ಬೇರೆ ಡಬ್ಬಿ ಕಟ್ಟಿಸಿದ. ಮೊಪೆಡ್ಡು ಅವತ್ತೂ ಕೈಕೊಟ್ಟಿತು, ಎಷ್ಟು ತುಳಿದರೂ ಜಪ್ಪಯ್ಯ ಅನ್ನಲಿಲ್ಲ. ಟಿಕೆಟ್ಟು ತೆಗೆದುಕೊಂಡು ಬಸ್ಸಿನಲ್ಲೇ ನಂಜನಗೂಡಿಗೆ ಹೋದ. ಊಟದ ಹೊತ್ತಿಗೆ ಶೃತಿ ಕಾಲೇಜಿನ ಹೊಂಗೆ ಮರದ ಕೆಳಗೆ ಮಾನಸಳ ಬಿಸ್ಕತ್ತಿನಲ್ಲಿ ಪಾಲು ತೆಗೆದುಕೊಳ್ಳುತ್ತಾ ಕೂತಿದ್ದಳು. ಅಪ್ಪನನ್ನು ಕಂಡು ಎದ್ದು ನಿಂತಳು. ಅವನ ಕೈಯಲ್ಲಿದ್ದ ಡಬ್ಬಿ ಕಂಡು ತಲೆ ತಗ್ಗಿಸಿದಳು.

"ಡಬ್ಬಿ ಬಿಟ್ಟೋಗಿದ್ದೆ" ಎಂದ ಕಾಂತರಾಜು. ಬರುವಾಗ ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಯೋಚಿಸಿಕೊಂಡಿದ್ದ. ಬಾಯಿಗೆ ಬಂದದ್ದು ಇಷ್ಟೇ.

ಸಂಜೆ ಕ್ಲಾಸು ಮುಗಿಯುವ ತನಕ ಪೇಟೆಯಲ್ಲಿ ಸುತ್ತಾಡಿ, ಅವಳ ಜೊತೆಗೇ ಬಸ್ಸು ಹತ್ತಿದ. ಬ್ಯಾಗು ಅವನೇ ತೆಗೆದುಕೊಂಡ. ನೀರು ಖಾಲಿ, ಡಬ್ಬಿ ಖಾಲಿ. ಆರೂಕಾಲು ಎಂದಿತು ಕೈ. ಬಸ್ಸು ಬೆಳಗಿನಷ್ಟೇ ಕಿಕ್ಕಿರಿದಿತ್ತು. ಬ್ಯಾಗನ್ನು ಕೆಳಗಿಡಲು ಜಾಗವಿಲ್ಲ, ಇಟ್ಟರೆ ಯಾರ ಕಾಲು ಬೀಳುವುದೋ ಎಂದು ಶೃತಿ ಬಿಡಲೂ ಇಲ್ಲ. ಹೆಗಲಿಗೆ ಹಾಕಿಕೊಂಡು ಕಂಬಿ ಹಿಡಿದು ನಿಂತ.

ಎದುರು ಸೀಟಿನಲ್ಲಿ ಕೂತಿದ್ದವರು ಊರಿನ ಕರಿಯಪ್ಪ. ಅವರ ತೋಟದ ಬಾಳೆಯನ್ನು ಕಾಂತರಾಜು ಹದಿನೈದು ವರ್ಷದಿಂದ ಕೊಳ್ಳುತ್ತಿದ್ದ, ಹದಿನೈದು ವರ್ಷದಿಂದ ದಿಂಡು ಕಳೆಯುತ್ತಿದ್ದ.

"ಏನ್ಲಾ ಕಾಂತ, ಈ ವಯಸ್ಸಲ್ಲಿ ಕಾಲೇಜು ಸೇರ್ಕೊಂಡ್ಯಾ?" ಎಂದರು ಕರಿಯಪ್ಪ. "ಎಷ್ಟು ತೂಕ ಐತೆ ಬ್ಯಾಗು?"

"ಆರೂಕಾಲು" ಎಂದ ಕಾಂತರಾಜು ಠೀವಿಯಿಂದ.

ಬಸ್ಸು ಪ್ರತಿ ಊರಿನಲ್ಲೂ ನಿಂತಿತು. ಹತ್ತುವವರು ಇಳಿಯುವವರಿಗಿಂತ ಹೆಚ್ಚಾಗಿದ್ದರು. ಬ್ರೇಕು ಹಾಕಿದಾಗೆಲ್ಲ ಬ್ಯಾಗು ಮುಂದಕ್ಕೆ ಹೋಗಿ ಅವನನ್ನು ಎಳೆಯುತ್ತಿತ್ತು, ಹೊರಟಾಗ ಹಿಂದಕ್ಕೆ ಹೋಗಿ ಎಳೆಯುತ್ತಿತ್ತು. ಅರ್ಧ ದಾರಿಗೆ ಪಟ್ಟಿ ಹೆಗಲನ್ನು ಕೊರೆಯತೊಡಗಿತು. ಹೆಗಲು ಬದಲಾಯಿಸಿದ. ಆ ಹೆಗಲೂ ಅದನ್ನೇ ಹೇಳಿತು. ಶೃತಿ, "ಕೊಡಪ್ಪ, ನಾನು ಸ್ವಲ್ಪ ಹೊತ್ತು ಹಿಡ್ಕೋತೀನಿ" ಎಂದಳು. "ಬೇಡ ಬಿಡು" ಎಂದ. ಅವಳು ಮೂರು ದಿನ ಇದನ್ನು ಹೊತ್ತು ಹೀಗೇ, ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ, ಅದೂ ಖಾಲಿ ಹೊಟ್ಟೆಯಲ್ಲಿ ನಿಂತಿದ್ದಳು.

ಊರು ಹತ್ತಿರ ಬಂದಾಗ ಕರಿಯಪ್ಪ ಮತ್ತೆ ಕೇಳಿದರು. "ಈಗೆಷ್ಟಪ್ಪ ತೂಕ?"

ಕಾಂತರಾಜು ಪಟ್ಟಿಯ ಕೆಳಗೆ ಹೆಬ್ಬೆರಳು ತೂರಿಸಿ ಹೆಗಲನ್ನು ಕೊಂಚ ಎತ್ತಿದ. ಬಲಗೈಗೆ ಸುಳ್ಳು ಬರುವುದಿಲ್ಲ, ಹೆಗಲಿಗೂ ಬರುವುದಿಲ್ಲ ಎಂದು ಅವನಿಗೆ ಅವತ್ತು ತಿಳಿಯಿತು. "ಹನ್ನೆರಡು" ಎಂದ.

ಕರಿಯಪ್ಪ ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕರು. "ದಿಂಡು ಕಳೆದೋ, ಕಳೀದೇನೋ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಶೃತಿಯೂ ಸೆರಗಿಲ್ಲದ ಕಾರಣ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಾಂತರಾಜು ಮಾತ್ರ ನಗಲಿಲ್ಲ. ಒಳಗೆ ಎರಡೂ ಒಂದೇ ಎಂದು ರವಿಚಂದ್ರ ಹೇಳಿದ್ದು ಈಗ ಕಿವಿಯಲ್ಲಿ ಗುಂಯ್‌ಗುಟ್ಟಿತು. ಒಳಗೆ ಒಂದೇ ಆದರೆ, ಮೇಲಿನ ಒಂದು ಕಿಲೋ ನೂರು ಏನು? ತಿನ್ನುವ ಹಣ್ಣಂತೂ ಅಲ್ಲ. ಮೂವತ್ತು ವರ್ಷ ಊರೂರಿನ ರೈತರ ಗೊನೆಯಲ್ಲಿ ದಿಂಡು ಕಳೆದವನು, ಹಾಡುಹಗಲಲ್ಲಿ ನರಸೀಪುರಕ್ಕೆ ಹೋಗಿ, ಜೇಬಿನಿಂದ ಕಾಸು ಕೊಟ್ಟು ದಿಂಡು ಕೊಂಡುಕೊಂಡು, ಅದನ್ನು ಮಗಳ ಬೆನ್ನಿಗೆ ಕಟ್ಟಿದ್ದ.

ಭಾನುವಾರ ಗಡುವಿನ ಕೊನೆಯ ದಿನ. ರವಿಚಂದ್ರನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅಪ್ಪ ಮಗಳು ಮೆಟ್ಟಿಲ ಮೇಲಿದ್ದರು. ಕಪ್ಪು ಲ್ಯಾಪ್‌ಟಾಪನ್ನೂ ಹದಿನಾಲ್ಕು ಸಾವಿರವನ್ನೂ ಕಾಂತರಾಜು ಮೇಜಿನ ಮೇಲಿಟ್ಟ.

"ಮೊಪೆಡ್ಡು?" ಎಂದಳು ಶೃತಿ ಮೆಲ್ಲಗೆ.

"ತಳ್ಳಿದ್ರೆ ಹೋಯ್ತದಲ್ಲ. ತಳ್ಳೋಕೆ ನಂಗೇನು ಬಂದಿದೆ ರೋಗ?"

ರವಿಚಂದ್ರನಿಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ. "ಮಾವ, ಇನ್ನೊಂದ್ಸಲ ಯೋಚ್ನೆ ಮಾಡಿ. ಒಂದು ಕಿಲೋ ಕಮ್ಮಿ ತಗೊಳ್ಳೋಕೆ ಹದಿನಾಲ್ಕು ಸಾವಿರ ಜಾಸ್ತಿ ಕೊಡ್ತಿದ್ದೀರ. ಮಂಡಿಯಲ್ಲಿ ಗೊತ್ತಾದ್ರೆ ಏನಂದಾರು?"

"ಅನ್ಲಿ ಬಿಡು" ಎಂದ ಕಾಂತರಾಜು. "ನಾನು ಇಷ್ಟು ವರ್ಷ ಎತ್ತಿ ನೋಡಿ ಕೆಳಗಿಟ್ಟೋನು ಅಳಿಯ. ಹೊತ್ಕೊಂಡು ನಿಂತೋನಲ್ಲ. ಎತ್ತಿ ಇಡೋನ ತೂಕವೇ ಬೇರೆ, ಹೊತ್ತು ನಿಲ್ಲೋರ ತೂಕವೇ ಬೇರೆ."

ರವಿಚಂದ್ರ ಮುಂದೆ ರೇಗಿಸಲಿಲ್ಲ. ಒಳಗೆ ಹೋಗಿ ಬೂದು ಬಣ್ಣದ್ದನ್ನೂ ಅದರ ಮುನ್ನೂರು ಗ್ರಾಮಿನ ಪುಟ್ಟ ಚಾರ್ಜರನ್ನೂ ತಂದ.

ಸೋಮವಾರ ಕಾಂತರಾಜು ಮಂಡಿಗೆ ತಡವಾಗಿ ಹೋದ. ಅದಕ್ಕೆ ಮುಂಚೆ ಬಸ್‌ಸ್ಟಾಪಿನಲ್ಲಿ ಮಗಳ ಬ್ಯಾಗು ಎತ್ತಿ, ಕಣ್ಣು ಅರ್ಧ ಮುಚ್ಚಿದ. ಆರು ಕಿಲೋಗೆ ನೂರೈವತ್ತು ಗ್ರಾಂ ಕಮ್ಮಿ. ಲೆಕ್ಕ ಸರಿಯಾಗಿತ್ತು.

"ಡಬ್ಬಿ ಐತೆ" ಎಂದ.

"ಐತೆ ಅಪ್ಪ. ಅಜ್ಜಿಗೂ ಒಂದು ಕಟ್ಟಿಸಿ ಬಂದೆ. ಇಲ್ಲಾಂದ್ರೆ ಮುನಿಸ್ಕೋತಿತ್ತು."

ಅವನು ಐವತ್ತರ ಒಂದು ನೋಟು ತೆಗೆದು ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದ. ತೂಕ ನೋಡುವ ಕೆಲಸ ಮುಗಿದಿತ್ತು, ಇನ್ನು ಕೆಳಗಿಡಬಹುದಿತ್ತು. ಆದರೆ ಬಸ್ಸು ಬರಲು ಇನ್ನೂ ಹತ್ತು ನಿಮಿಷವಿತ್ತು, ಕಾಂತರಾಜು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಮಗಳ ಪಕ್ಕದಲ್ಲಿ ನಿಂತೇ ಇದ್ದ.