ಜಗಲಿ ಮೇಲಿನ ತತ್ತಿ

ಇಂಗ್ಲಿಷರ ನಾಡಿನ ವಿದನ್‌ಶಾದ ಆಸ್ಪತ್ರೆಯಲ್ಲಿ ಎಂಥೆಂಥ ಕೇಸ್ ಬಂದರೂ ಅಲುಗದ ಡಾಕ್ಟರ್ ನೇತ್ರಾಗೆ ಆ ಸೋಮವಾರ ಬೆಳಗ್ಗೆ ಕೈಕಾಲೇ ಆಡಲಿಲ್ಲ. ಮನೆಯ ದೇವರ ಜಗಲಿ ಮೇಲೆ, ಬಸವಣ್ಣನ ಫೋಟೋ ಮುಂದೆ, ಅತ್ತೆ ಶರಣಮ್ಮ ಒಂದು ಹಸಿ ಕೋಳಿಮೊಟ್ಟೆ ಇಟ್ಟು ಹೂ ಏರಿಸಿದ್ದರು!

ಅತ್ತೆಯದೇನೂ ತಪ್ಪಿಲ್ಲ ಬಿಡಿ. ಪಕ್ಕದ ಮನೆಯ ಉಕ್ರೇನಿನ ಹಲೀನಾ ಈಸ್ಟರ್ ಹಬ್ಬಕ್ಕೆ ಕೊಟ್ಟದ್ದು ಅದು. ಕೆಂಪು, ಕಪ್ಪು, ಹಳದಿ ಗೆರೆಗಳ ಆ ಸಿಂಗಾರ ನೋಡಿದರೆ ಯಾರು ತಾನೇ ಮೊಟ್ಟೆ ಅಂದಾರು? ಬಾಗಲಕೋಟೆಯ ಶರಣಮ್ಮನವರಿಗೆ ಅದು ಕಿನ್ನಾಳದ ಕಟ್ಟಿಗೆ ಗೊಂಬೆಯ ಹಾಗೆ ಕಂಡಿತ್ತು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸು, ಪಾಪ!

"ಊರ ಉಸಾಬರಿ ನನಗ್ಯಾಕ," ಎಂದು ಗಂಡ ವಿರೂಪಾಕ್ಷ ಬರ್ಚ್‌ವುಡ್‌ನ ಆಫೀಸಿಗೆ ಕಾಲ್ಕಿತ್ತ. ನೇತ್ರಾಗೆ ಹೇಳಲೂ ಭಯ, ಬಿಡಲೂ ಭಯ. ಹೇಳಿದರೆ ಅತ್ತೆ ಹಲೀನಾಳ ಮುಖ ನೋಡಲಿಕ್ಕಿಲ್ಲ. ಈ ಬೀದಿಯಲ್ಲಿ ಅವರಿಗಿದ್ದ ಗೆಳತಿ ಅವಳೊಬ್ಬಳೇ. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಹಿತ್ತಲ ಬೇಲಿಯ ಆಚೆ ಈಚೆ ನಿಂತು ಹರಟುತ್ತಿದ್ದರು. ಹಲೀನಾಳ ಮಗ ಯುದ್ಧಕ್ಕೆ ಹೋದಾಗ ಅವಳ ಜೊತೆ ಅತ್ತವರೂ ಶರಣಮ್ಮನೇ.

ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಜಗಲಿ ಒರೆಸುತ್ತಿದ್ದ ಅತ್ತೆಯ ಕೈಜಾರಿ, ಟಪ್!

"ಅಯ್ಯ ಶಿವನ! ಇದು ತತ್ತಿ ಐತಿ!"

"ತಿನ್ನೂದಕ್ಕಲ್ರೀ ಅತ್ತಿ," ನೇತ್ರಾ ಒಂದೇ ಉಸಿರಿಗೆ ಹೇಳಿದಳು. "ಹಸಿ ತತ್ತಿ ಮ್ಯಾಲ ಮೇಣದ್ಲೆ ಬರದು, ಬಣ್ಣದಾಗ ಅದ್ದಿ, ವರ್ಷಗಟ್ಲೆ ಇಡ್ತಾರ. ಒಂದೊಂದು ಗೆರಿನೂ ಒಂದೊಂದು ಹಾರೈಕಿ."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ದೇನ?"

ಅತ್ತೆ ಚೂರುಗಳನ್ನೆಲ್ಲ ಒಂದು ತಟ್ಟೆಗೆ ಬಳಿದುಕೊಂಡು ದಡದಡ ಪಕ್ಕದ ಮನೆಗೆ ನಡೆದರು. ಮುಗೀತಪ್ಪಾ ಗೆಳೆತನ ಎಂದುಕೊಂಡು ಸೊಸೆ ಹಿಂದೆ ಓಡಿದಳು.

ಹಲೀನಾ ಬಾಗಿಲು ತೆಗೆದಳು. ಶರಣಮ್ಮ ತಟ್ಟೆ ಮುಂದೆ ಹಿಡಿದವರೇ ಗಳಗಳ ಅತ್ತುಬಿಟ್ಟರು. "ಸಾರಿ ಹಲೀನಾ. ಬ್ರೋಕನ್. ಎಷ್ಟು ಚಂದ ಬರದಿದ್ದಿ, ನಾ ಒಡದ್ಹಾಕಿದೆ!"

ಹಲೀನಾ ನಗುತ್ತ ಅವರನ್ನು ತಬ್ಬಿಕೊಂಡು ಒಳಗೆ ಕರೆದು ಕೂರಿಸಿದಳು. ಮೇಣದಬತ್ತಿ ಹಚ್ಚಿ, ಮುಂದೆ ಒಂದು ಬಿಳಿ ಮೊಟ್ಟೆ ಇಟ್ಟು, ಮೇಣ ತುಂಬಿದ ಪುಟ್ಟ ಲೇಖನಿ ಕೈಗೆ ಕೊಟ್ಟಳು. ಶರಣಮ್ಮ ಮೊಟ್ಟೆಯನ್ನೇ ನೋಡಿದರು. "ಶಿವ ಶಿವಾ" ಎನ್ನುತ್ತ, ಜನ್ಮದಲ್ಲಿ ಮೊದಲ ಸಲ, ಬೇಕೆಂದೇ ಅದನ್ನು ಕೈಗೆತ್ತಿಕೊಂಡು ಅಡ್ಡಡ್ಡ ಮೂರು ಗೆರೆ ಎಳೆದರು. ಹಲೀನಾ ಅದನ್ನು ಕೆಂಪು ಬಣ್ಣದಲ್ಲಿ ಅದ್ದಿ, ಒಣಗಿದ ಮೇಲೆ ದೀಪಕ್ಕೆ ಹಿಡಿದು ಮೇಣ ಒರೆಸಿದಳು. ಕೆಂಪಿನ ಮೇಲೆ ಬೆಳ್ಳಗೆ ಮೂರು ಗೆರೆ ವಿಭೂತಿ!

"ನಿನ್ನ ಮಗಗ ಇದು," ಎಂದರು ಶರಣಮ್ಮ. "ನಮ್ಮ ಶಿವ ಅವನ್ನ ಕಾಯಲಿ."

ನೇತ್ರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹಲೀನಾ ಮೊಟ್ಟೆಯನ್ನು ತನ್ನ ಯೇಸುವಿನ ಪಟದ ಮುಂದೆ ಇಟ್ಟು ಶಿಲುಬೆಯ ಗುರುತು ಹಾಕಿಕೊಂಡಳು. ಶರಣಮ್ಮನೂ ಅದಕ್ಕೆ ಕೈಮುಗಿದರು.

"ನಡಿ ನೇತ್ರಾ," ಎಂದರು ಕಣ್ಣೊರೆಸಿಕೊಂಡು, "ಲಗೂನ ಬಿಸಿನೀರು ಹಚ್ಚು. ತತ್ತಿ ಮುಟ್ಟೇನಿ, ಜಳಕ ಮಾಡಬೇಕು."